ಊರ್ಮಿಳಾಳ ಹತ್ತು ನಿಮಿಷದ ಗಾಳಿ

ಈ ವರ್ಷದ ನನ್ನ ಡೈರಿಯಲ್ಲಿ ಮಗಳ ಕೆಮ್ಮು ನೆಗಡಿಗಿಂತ ಹೆಚ್ಚು ಸಲ ಬಂದಿರುವ ಹೆಸರು ಊರ್ಮಿಳಾ. ಅವಳು ನನಗೆ ತಂಗಿಯಲ್ಲ, ನಾದಿನಿಯೂ ಅಲ್ಲ. ಗದಗದ ಹುಡುಗಿ, ಇಲ್ಲಿ ನೆದರ್ಲೆಂಡ್ಸಿನ ಎನ್ಸ್‌ಕೆಡೆಯಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಪರಿಚಯದವರೊಬ್ಬರು ಫೋನ್ ಮಾಡಿ ಕೇಳಿದರೆಂದು ನಮ್ಮ ಅಟ್ಟದ ಕೋಣೆಯನ್ನು ಎರಡು ವಾರದ ಮಟ್ಟಿಗೆ ಕೊಟ್ಟೆವು. "ಗೆಮೇಂಟೆ ಆಫೀಸಿನ್ಯಾಗ ಹೆಸರು ಹಚ್ಚಾಕ ಒಂದು ವಿಳಾಸ ಬೇಕಲ್ರಿ ಅಕ್ಕಾ, ರೂಮ್ ಸಿಕ್ಕ ಕೂಡ್ಲೇ ಹೊಂಟಬಿಡ್ತೀನಿ" ಅಂದಿದ್ದಳು. ಗೆಮೇಂಟೆ ಅಂದರೆ ಇಲ್ಲಿನ ನಗರಸಭೆ. ಅವಳು ಹಾಗಂದದ್ದು ಮಾರ್ಚಿನಲ್ಲಿ. ನವೆಂಬರ್ ಬಂದರೂ ಹೊರಟಿರಲಿಲ್ಲ. ಈ ಊರಲ್ಲಿ ರೂಮ್ ಸಿಗುವುದಿಲ್ಲ ಎನ್ನುವುದು ನಿಜ. ಅವಳು ಹುಡುಕುತ್ತಿಲ್ಲ ಎನ್ನುವುದೂ ಅಷ್ಟೇ ನಿಜ.

ಅವಳ ಕೆಲಸ ಟೈಫೂನ್ ನೋಡುವುದು. ಬಂಗಾಳ ಕೊಲ್ಲಿಯಲ್ಲಿ ಎದ್ದರೆ ನಾವು ಚಂಡಮಾರುತ ಅನ್ನುತ್ತೇವಲ್ಲ, ಅದೇ ಆ ಕಡೆ ಪೆಸಿಫಿಕ್‌ನಲ್ಲಿ ಎದ್ದರೆ ಟೈಫೂನ್. ನಡುಸಮುದ್ರದಲ್ಲಿ ಗಾಳಿ ಅಳೆಯುವುದಕ್ಕೆ ಯಾರೂ ನಿಂತಿರುವುದಿಲ್ಲ. ಉಪಗ್ರಹದ ಚಿತ್ರ ನೋಡಿ, ನಡುವಿನ ಕಣ್ಣು ಎಷ್ಟು ತಿಳಿಯಾಗಿದೆ, ಸುತ್ತಲಿನ ಮೋಡ ಎಷ್ಟು ತಣ್ಣಗಿದೆ ಎಂದೆಲ್ಲ ಹೊಂದಿಸಿ ಗಾಳಿಯ ಬಲ ಅಂದಾಜು ಮಾಡಬೇಕಂತೆ. ಆಮೇಲೆ ಅದು ಬಡಿದ ಊರುಗಳಲ್ಲಿ ಏನೇನು ಹಾಳಾಯಿತು ಅಂತ ತಾಳೆ ನೋಡಬೇಕಂತೆ. ಇಷ್ಟೆಲ್ಲ ಮಾಡುವವಳು ಸಮುದ್ರವನ್ನು ಹತ್ತಿರದಿಂದ ನೋಡಿದ್ದು ಇಲ್ಲಿಗೆ ಬಂದ ಮೇಲೆ, ನಾವೇ ಸ್ಖೇವನಿಂಗನ್ ಬೀಚಿಗೆ ಕರೆದುಕೊಂಡು ಹೋದಾಗ. ಅದೂ ಚಳಿ ಅಂತ ಕಿವಿ ಮುಚ್ಚಿಕೊಂಡು ಕಾರಿಗೆ ಓಡಿಬಂದಳು.

ಒಳ್ಳೆಯ ಹುಡುಗಿ, ಇಲ್ಲ ಅನ್ನುವುದಿಲ್ಲ. ಮೂರು ವರ್ಷದ ನಮ್ಮ ಹಿತಾ ನನ್ನ ಕೈಯಲ್ಲಿ ಉಣ್ಣದ ತುತ್ತನ್ನು ಅವಳ ಕೈಯಲ್ಲಿ ಉಣ್ಣುತ್ತಾಳೆ, ಲ್ಯಾಪ್‌ಟಾಪಿನಲ್ಲಿ ಮೋಡ ತಿರುಗುವುದನ್ನು ನೋಡುತ್ತ. ಪಾತ್ರೆ ತೊಳೆಯುತ್ತಾಳೆ. ಅವಳು ತೊಳೆದದ್ದನ್ನು ನಾನು ಇನ್ನೊಮ್ಮೆ ತೊಳೆಯುತ್ತೇನೆ, ಅದು ಬೇರೆ ವಿಷಯ. ಆದರೆ ಅವಳ ಬಾಯಲ್ಲಿ ಹೌದು ಅಂತಾಗಲಿ ಇಲ್ಲ ಅಂತಾಗಲಿ ಒಂದು ಮಾತು ಬರುವುದಿಲ್ಲ. ನನ್ನ ತಲೆ ಕೆಡಿಸುತ್ತಿದ್ದದ್ದು ಅದು.

"ಊರ್ಮಿಳಾ, ಹಿತಾಗೆ ಮಳೆಕೋಟು ಹಾಕ್ಲೇನೇ ಇವತ್ತು?"

"ಇಲ್ಲಿ ಮಳಿ ನನ್ನ ಫೀಲ್ಡ್ ಅಲ್ರಿ ಅಕ್ಕಾ. ಆದ್ರೂ ನಲವತ್ತು ಪರ್ಸೆಂಟ್ ಇರಬೌದು."

"ಹಾಕ್ಲೋ ಬೇಡ್ವೋ?"

"ಅದು ನೀವು ಎಷ್ಟು ರಿಸ್ಕ್ ತಗೋತೀರಿ ಅನ್ನೂದರ ಮ್ಯಾಲೆ ಐತಿ."

ಒಮ್ಮೆ ಅನ್ನ ಬೆಂದಿದೆಯಾ ನೋಡು ಎಂದರೆ, ಒಂದು ಅಗಳು ಹಿಸುಕಿ, "ಇದೊಂದು ಬೆಂದೈತ್ರಿ. ಉಳಿದಿದ್ದರ ಬಗ್ಗೆ ಹೇಳಾಕ ಬರಂಗಿಲ್ಲ" ಅಂದಳು. ನನ್ನ ಗಂಡ ದಿವಾಕರ ನಕ್ಕು ನಕ್ಕು ಕೆಮ್ಮಿದ. "ಗಂಡಿನ ಕಡೆಯವರು ಬಂದು ಒಪ್ಪಿಗೇನಾ ಅಂತ ಕೇಳಿದ್ರೆ ಇವಳು ಅರವತ್ತು ಪರ್ಸೆಂಟ್ ಅಂತಾಳೆ" ಅಂದ. ಅವನಿಗೇನು, ನಗುತ್ತಾನೆ. ಅಡುಗೆಮನೆಯಲ್ಲಿ ಅವಳ ಜೊತೆ ಇರುವವಳು ನಾನು.

ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ ಮಾರಿಸೆಲ್‌ದು. ಫಿಲಿಪ್ಪೀನ್ಸಿನವಳು, ವಯಸ್ಸಾದವರ ಆರೈಕೆ ಮನೆಯಲ್ಲಿ ಕೆಲಸ. ಬುಧವಾರ ಹಿತಾಳನ್ನು ಅವಳು ನೋಡಿಕೊಳ್ಳುತ್ತಾಳೆ, ಅವಳ ಶಿಫ್ಟ್ ಬದಲಾದಾಗ ಅವಳ ಮನೆಗೂ ಸೇರಿಸಿ ನಾನು ಅಡುಗೆ ಮಾಡುತ್ತೇನೆ. ಅವಳ ತಾಯಿ ಅಲ್ಲಿನ ಪೂರ್ವ ಕರಾವಳಿಯ ಒಂದು ದ್ವೀಪದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನಾಯ್ ಅಂದರೆ ಅವರಲ್ಲಿ ಅಮ್ಮ. ವಿಡಿಯೋ ಕಾಲಿನಲ್ಲಿ ನೋಡಿ ನೋಡಿ ನಮ್ಮ ಹಿತಾ ಕೂಡ ನಾನಾಯ್ ಅಂತಲೇ ಕರೆಯುತ್ತಾಳೆ.

ನವೆಂಬರಿನ ಒಂದು ಗುರುವಾರ ಮಾರಿಸೆಲ್ ಕೆಲಸದ ಬಟ್ಟೆಯಲ್ಲೇ ನಮ್ಮ ಬಾಗಿಲಿಗೆ ಬಂದಳು. ಅವಳ ಊರಿನ ಕಡೆಗೆ ಟೈಫೂನ್ ಬರುತ್ತಿದೆ ಎಂಬ ಸುದ್ದಿ ಫೇಸ್‌ಬುಕ್‌ನಲ್ಲಿ ಓಡಾಡುತ್ತಿತ್ತು. ಒಬ್ಬೊಬ್ಬರು ಒಂದೊಂದು ಬರೆದಿದ್ದರು. "ಊರ್ಮಿಳಾ, ನೀನು ಹೇಳು. ಗಾಳಿ ಎಷ್ಟಿದೆ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಉತ್ತರವಿರುವ ಪ್ರಶ್ನೆಯನ್ನು ಯಾರೋ ಕೇಳಿದರಲ್ಲ ಎಂದು ಊರ್ಮಿಳಾಳ ಮುಖ ಅರಳಿತು. ಲ್ಯಾಪ್‌ಟಾಪ್ ತೆಗೆದಳು, ಚಿತ್ರ ನೋಡಿದಳು, ಜಪಾನಿನ ಹವಾಮಾನದವರ ಪ್ರಕಟಣೆ ನೋಡಿದಳು. "ಈಗ ಗಂಟೆಗೆ ಇನ್ನೂರ ಹತ್ತು ಕಿಲೋಮೀಟರ್" ಅಂದಳು. ಇರಬಹುದು ಎಂದಿಲ್ಲ, ಅಂದಾಜು ಎಂದಿಲ್ಲ. ನನಗೇ ಆಶ್ಚರ್ಯವಾಯಿತು. ಮಾರಿಸೆಲ್ ನಮ್ಮ ಬಾಗಿಲಲ್ಲೇ ನಿಂತು ತಾಯಿಗೆ ಫೋನ್ ಮಾಡಿ, ಆ ಅಂಕಿ ಹೇಳಿ, ಥ್ಯಾಂಕ್ಸ್ ಹೇಳಿ ಹೋದಳು.

ಮರುದಿನ ಸಂಜೆ ಹಿತ್ತಿಲ ಬೇಲಿಯ ಹತ್ತಿರ ಸಿಕ್ಕಳು. ಮುಖದಲ್ಲಿ ನಿರಾಳ ಇತ್ತು.

"ಅಮ್ಮ ಮನೆ ಬಿಡಲ್ಲ ಅಂದ್ರು. ಬೇಡ ಬಿಡು ಅಂತ ನಾನೂ ಸುಮ್ಮನಾದೆ. ಕೆಲವು ವರ್ಷದ ಹಿಂದೆ ಬಂದದ್ದು ಇನ್ನೂರ ಎಪ್ಪತ್ತು. ಆಗ್ಲೂ ಮನೆಯಲ್ಲೇ ಇದ್ರು, ಚಾವಣಿ ತಗಡು ಹೋಯ್ತು ಅಷ್ಟೇ. ಇದು ಇನ್ನೂರ ಹತ್ತು ತಾನೆ. ಯುರೋಪಿನ ವಿಜ್ಞಾನಿ ಹೇಳಿದ್ದು ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ."

ಒಳ್ಳೆಯದಾಯಿತು ಅಂದೆ. ಊಟಕ್ಕೆ ಕೂತಾಗ ಅದನ್ನೇ ಹೇಳಿದೆ, ಯುರೋಪಿನ ವಿಜ್ಞಾನಿಗೆ ಇನ್ನೊಂದು ಚಪಾತಿ ಬೇಕಾ ಅಂತ ಕಾಲೆಳೆಯುತ್ತ. ಊರ್ಮಿಳಾ ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಗೆ ಇಟ್ಟಳು.

"ಅಕ್ಕಾ, ಆ ಇನ್ನೂರ ಎಪ್ಪತ್ತು ಯಾರ ಲೆಕ್ಕರಿ?"

"ಯಾರ ಲೆಕ್ಕ ಆದ್ರೇನು? ಗಾಳಿ ಗಾಳೀನೇ."

"ಹಂಗಲ್ರಿ. ಜಪಾನಿನವರು ಹತ್ತು ನಿಮಿಷದ ಗಾಳಿ ಸರಾಸರಿ ತಗೀತಾರ. ಅಮೆರಿಕದವರು ಒಂದು ನಿಮಿಷದ್ದು. ಹಿತಾ ಹತ್ತು ನಿಮಿಷ ಅತ್ತಿದ್ದನ್ನ ಸರಾಸರಿ ತಗದ್ರ ಶಾಣ್ಯಾ ಕೂಸು. ಜೋರು ಒದರಿದ ಒಂದ ನಿಮಿಷ ತಗೊಂಡ್ರ ಬ್ಯಾರೆ. ಅದ ಗಾಳಿ, ಆದ್ರ ಒಂದು ನಿಮಿಷದ ಅಂಕಿ ದೊಡ್ಡದಾಗಿ ಕಾಣ್ತೈತಿ. ಇನ್ನೂರ ಎಪ್ಪತ್ತು ಅಂದ್ರ ಅದು ಅಮೆರಿಕದವರ ಲೆಕ್ಕನ ಇರಬೇಕು. ನಾ ಹೇಳಿದ್ದು ಜಪಾನಿನವರದು."

"ಅಂದ್ರೆ?"

"ಅಂದ್ರ ಆ ಲೆಕ್ಕದಾಗ ಇದು ನಿನ್ನೀನ ಇನ್ನೂರ ಮೂವತ್ತು ದಾಟಿತ್ತು. ಮತ್ತ ಇನ್ನೂ ಬೆಳಿಯಾಕತ್ತೈತಿ. ದಂಡಿಗೆ ಬರೂದರಾಗ ಹೋದ ಸಲದ್ದಕ್ಕ ಸಮ ಆಗ್ತೈತೇನೋ."

ನನಗೆ ರೇಗಿತು. "ಇದನ್ನ ನಿನ್ನೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಎಷ್ಟು ಅಂತ ಕೇಳಿದ್ರು, ಎಷ್ಟು ಅಂತ ಹೇಳಿದೆ. ನಮ್ಮ ಡಿಪಾರ್ಟ್‌ಮೆಂಟಿನ್ಯಾಗ ಎಲ್ಲಾರಿಗೂ ಗೊತ್ತಿರ್ತೈತ್ರಿ ಇದು."

"ಆ ಮುದುಕಿ ನಿನ್ನ ಡಿಪಾರ್ಟ್‌ಮೆಂಟಿನಲ್ಲಿಲ್ಲ."

ಅನ್ನ ಬೆಂದಿದೆ ಎಂಬ ಭರವಸೆಯನ್ನೂ ಕೊಡದವಳು ಕೊಡಬಾರದ ಕಡೆ ಹೋಗಿ ಒಂದು ಅಂಕಿಯನ್ನು ಹೀಗೆ ಖಡಾಖಂಡಿತ ಕೊಟ್ಟಿದ್ದಳು. ತಕ್ಷಣ ಪಕ್ಕದ ಮನೆ ಬಾಗಿಲು ತಟ್ಟಿದೆವು. ಅಲ್ಲಿ ಆಗ ನಸುಕು ಹರಿಯುವುದಕ್ಕೂ ಮೊದಲು, ನಾನಾಯ್ ಫೋನ್ ಎತ್ತಲಿಲ್ಲ. ಮಾರಿಸೆಲ್ ನನ್ನ ಮುಖ, ಊರ್ಮಿಳಾಳ ಮುಖ ನೋಡುತ್ತ, "ಹಾಗಾದ್ರೆ ಇದು ಸಣ್ಣದಲ್ಲವಾ?" ಎಂದು ಒಂದೇ ಮಾತು ಕೇಳಿದಳು. ಊರ್ಮಿಳಾ ಉತ್ತರ ಕೊಡಲು ಬಾಯಿ ತೆರೆದಳು. ನಾನು ಅವಳ ಕೈ ಜಗ್ಗಿ, "ಸಣ್ಣದಲ್ಲ" ಅಂದೆ.

ಶನಿವಾರ ಬೆಳಿಗ್ಗೆ ಮಾರಿಸೆಲ್ ಕೆಲಸಕ್ಕೆ ಬೇರೆಯವರನ್ನು ಒಪ್ಪಿಸಿ ನಮ್ಮ ಮನೆಗೇ ಬಂದಳು. ಊಟದ ಮೇಜಿನ ಮೇಲೆ ಹಿತಾಳ ರಾಗಿ ಅಂಬಲಿಯ ಪಕ್ಕ ಫೋನ್ ನಿಲ್ಲಿಸಿದೆವು. ಅಲ್ಲಿ ಮಧ್ಯಾಹ್ನ. ನಾನಾಯ್ ಹೊರಗಿನ ಒಲೆಯ ಮುಂದೆ ಕೂತಿದ್ದರು. ಹಿಂದೆ ಆಕಾಶ ಒಂದು ಥರ ಹಳದಿ, ಆದರೆ ಎಲೆ ಅಲುಗುತ್ತಿರಲಿಲ್ಲ. ಹಿತಾಳನ್ನು ನೋಡಿ ಕೈ ಬೀಸಿದರು. ಮರುದಿನ ನಸುಕಿನೊಳಗೆ ಬಂದು ಬಡಿಯುತ್ತದೆ ಎಂದು ಊರ್ಮಿಳಾ ಆಗಲೇ ಹೇಳಿದ್ದಳು.

ಊರ್ಮಿಳಾ ಶುರು ಮಾಡಿದಳು. ಸರಾಸರಿ ಅಂದರೇನು. ಹತ್ತು ನಿಮಿಷ, ಒಂದು ನಿಮಿಷ. ಒಂದರಿಂದ ಇನ್ನೊಂದಕ್ಕೆ ಇಳಿಸುವಾಗ ಯಾವುದರಿಂದ ಗುಣಿಸಬೇಕು, ಅದರ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತ ಇಲ್ಲ ಎಂಬ ಮಾತು ಬೇರೆ. ಹಾಳೆಯ ಮೇಲೆ ಗೆರೆ ಎಳೆದು ಕ್ಯಾಮೆರಾಕ್ಕೆ ತೋರಿಸಿದಳು. ಮಾರಿಸೆಲ್ ಅದನ್ನೆಲ್ಲ ತನ್ನ ಭಾಷೆಗೆ ತಿರುಗಿಸುತ್ತ ಬೆವರಿದಳು. ನಾನಾಯ್ ಪ್ರತಿ ಮಾತಿಗೂ ಹ್ಞೂಂ ಅನ್ನುತ್ತ ಒಲೆಗೆ ಕಡ್ಡಿ ನೂಕಿದರು. ಎಲ್ಲ ಮುಗಿದ ಮೇಲೆ ಏನೋ ಹೇಳಿದರು. ಮಾರಿಸೆಲ್ ತಲೆ ಹಿಡಿದುಕೊಂಡಳು.

"ಏನಂತೆ?" ಅಂದೆ.

"ಹಾಗಾದ್ರೆ ಇದು ಹೋದ ಸಲದಷ್ಟೇ ಆಯ್ತಲ್ಲ ಅಂತಾರೆ. ಹೋದ ಸಲ ಮನೆಯಲ್ಲೇ ಇದ್ದೆ, ಸತ್ತಿಲ್ಲ. ಈ ಸಲವೂ ಇರ್ತೀನಿ ಅಂತಾರೆ."

ಅವರ ಲೆಕ್ಕದಲ್ಲಿ ತಪ್ಪೇನಿದೆ? ನಾನಾದರೂ ಹಾಗೇ ಅನ್ನುತ್ತಿದ್ದೆ. ಊರಿನ ಮುಖಂಡ ಮೈಕ್ ಹಿಡಿದು ಬಂದು, ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೋಗಿ ಎಂದು ಬೆಳಿಗ್ಗೆಯಿಂದ ಎರಡು ಸುತ್ತು ಕೂಗಿ ಹೋಗಿದ್ದನಂತೆ. ನಾನಾಯ್ ಅವನಿಗೂ ಯುರೋಪಿನ ವಿಜ್ಞಾನಿಯ ಅಂಕಿ ಹೇಳಿ ಕಳಿಸಿದ್ದರು. ಅವರ ಬೀದಿಯಿಂದ ಒಬ್ಬರೂ ಹೊರಟಿರಲಿಲ್ಲ.

"ಸಾಕು ನಿನ್ನ ಗುಣಾಕಾರ" ಅಂತ ಊರ್ಮಿಳಾಗೆ ಕನ್ನಡದಲ್ಲಿ ಅಂದೆ. "ಹೋಗಿ ಅಂತ ಹೇಳೇ. ಎರಡಕ್ಷರ."

"ನಾ ಹಂಗ ಹೇಳೂವಂಗಿಲ್ರಿ ಅಕ್ಕಾ. ಎಚ್ಚರಿಕಿ ಕೊಡೂದು ಆ ದೇಶದ ಹವಾಮಾನ ಕಚೇರಿ ಕೆಲಸ. ನಾವು ಒಬ್ಬೊಬ್ರು ಒಂದೊಂದು ಹೇಳಕೊಂತ ಹ್ವಾದ್ರ ಜನ ಯಾರ ಮಾತು ಕೇಳಬೇಕು? ನಮಗ ಮೊದಲ ವಾರದಾಗ ಕಲಸೂದು ಇದನ್ನ."

"ಹೇಳೂವಂಗಿಲ್ಲ ಅಂತ ಈಗ ಹೇಳ್ತೀಯಾ. ಗುರುವಾರವೇ ಹೇಳಿ ಆಗಿದೆಯಲ್ಲ ತಾಯಿ. ಆ ಕಚೇರಿಯವರು ಹೊರಡಿ ಅಂತಿದ್ದಾರೆ, ಮೈಕಿನವನು ಹೊರಡು ಅಂತಿದ್ದಾನೆ. ಅವರು ನಿನ್ನ ಅಂಕಿ ಹಿಡ್ಕೊಂಡು ಒಲೆ ಮುಂದೆ ಕೂತಿದ್ದಾರೆ. ಅವರನ್ನ ಅಲ್ಲಿ ಕೂರಿಸಿರೋಳು ನೀನು."

ಇಷ್ಟು ಗಡುಸಾಗಿ ಅನ್ನಬಾರದಿತ್ತು ಅಂತ ನನಗೆ ಅನಿಸಲಿಲ್ಲ, ಈಗಲೂ ಅನಿಸುತ್ತಿಲ್ಲ. ಊರ್ಮಿಳಾಳ ಮುಖ ಕಪ್ಪಿಟ್ಟಿತು. ಹಿತಾ ಅಂಬಲಿಯ ಬಟ್ಟಲು ತಳ್ಳಿ "ನೇ" ಅಂದಳು. ಡಚ್ಚಿನ ಬೇಡ ಅದು, ಅವಳು ಬೇಗ ಕಲಿತ ಮಾತು. ನಾನು ಚೆಲ್ಲಿದ್ದನ್ನು ಒರೆಸುತ್ತಿದ್ದಾಗ ಊರ್ಮಿಳಾ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬದಲಿಸಿದಳು. ಹಳೆಯ ಟೈಫೂನಿನ ದಾರಿ, ಈಗಿನದರ ದಾರಿ, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಆಮೇಲೆ ಮಾರಿಸೆಲ್ ಕಡೆ ತಿರುಗಿದಳು.

"ಹೋದ ಸಲ ಹಾರಿದ ತಗಡು ಎಲ್ಲಿ ಸಿಕ್ಕಿತು, ಕೇಳು."

"ತಗಡಾ?"

"ಹೌದು. ಯಾವ ಕಡೆ ಬಿದ್ದಿತ್ತು?"

ನಾನಾಯ್‌ಗೆ ಈ ಪ್ರಶ್ನೆ ಹಿಡಿಸಿತು. ಕಡ್ಡಿ ಬಿಟ್ಟು ಎದ್ದು ನಿಂತು ಕೈ ತೋರಿಸಿದರು. ತಗಡು ಸಮುದ್ರಕ್ಕೆ ಬಿದ್ದಿತ್ತು. ಒಂದನ್ನು ವಾರದ ಮೇಲೆ ಮೀನಿನವರು ಬಲೆಯಲ್ಲಿ ಎಳೆದು ತಂದಿದ್ದರಂತೆ, ಬಲೆ ಹರಿದದ್ದಕ್ಕೆ ಜಗಳವೂ ಆಗಿತ್ತಂತೆ.

"ಆಗ ನೀರು?"

ನೀರು ಹಿಂದಕ್ಕೆ ಹೋಗಿತ್ತು. ಯಾವತ್ತೂ ಕಾಣದ ಬಂಡೆಗಳು ಕಂಡಿದ್ದವು.

ಊರ್ಮಿಳಾ ಫೋನಿನ ಹತ್ತಿರ ಮುಖ ತಂದಳು. ಈ ಸಲ ಇಂಗ್ಲಿಷು ನಿಧಾನವಾಗಿತ್ತು, ಒಂದೊಂದು ವಾಕ್ಯಕ್ಕೂ ನಿಂತು ಮಾರಿಸೆಲ್ ತಿರುಗಿಸುವವರೆಗೆ ಕಾದಳು. "ಹೋದ ಸಲ ಅದರ ಕಣ್ಣು ನಿಮ್ಮ ಊರಿನ ಉತ್ತರಕ್ಕೆ ಹಾದು ಹೋಯಿತು. ಅದಕ್ಕೆ ಗಾಳಿ ಗುಡ್ಡದ ಕಡೆಯಿಂದ ಬಂತು, ತಗಡನ್ನೂ ನೀರನ್ನೂ ಆಚೆಗೆ ನೂಕಿತು. ಈ ಸಲ ದಕ್ಷಿಣಕ್ಕೆ ಹಾಯುತ್ತದೆ. ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ. ನಿಮ್ಮ ತಗಡು ಗುಡ್ಡದ ಕಡೆ ಹಾರುತ್ತದೆ. ಅದರ ಹಿಂದೆ ನೀರು ಬರುತ್ತದೆ."

ನಾನಾಯ್ ಹ್ಞೂಂ ಅನ್ನಲಿಲ್ಲ. ತಿರುಗಿ ಸಮುದ್ರ ನೋಡಿದರು, ಮನೆ ನೋಡಿದರು. ಆಮೇಲೆ ಇಂಗ್ಲಿಷಿನಲ್ಲೇ ಕೇಳಿದರು, ಸಮುದ್ರದಿಂದಲೇನಾ ಎಂದು.

ಇನ್ನು ಇವಳು ಎಪ್ಪತ್ತೈದು ಪರ್ಸೆಂಟ್ ಅನ್ನುತ್ತಾಳೆ, ಮುದುಕಿ ಉಳಿದ ಇಪ್ಪತ್ತೈದನ್ನು ಹಿಡಿದುಕೊಂಡು ಕೂರುತ್ತಾರೆ, ನಾನು ಇಲ್ಲೇ ಇವಳ ಕತ್ತು ಹಿಸುಕುತ್ತೇನೆ.

"ಸಮುದ್ರದಿಂದಲೇ" ಅಂದಳು ಊರ್ಮಿಳಾ. "ಮೈಕಿನವರು ಹೇಳಿದ ಕಡೆಗೆ ಹೋಗಿ. ಬೀದಿಯವರನ್ನೂ ಕರೆದುಕೊಂಡು ಹೋಗಿ. ನನ್ನ ಅಂಕಿ ತಪ್ಪು ಅಂತ ಅವರಿಗೆ ಹೇಳಿ. ಈಗಲೇ."

ನಾನಾಯ್ ಒಲೆಗೆ ನೀರು ಸುರಿದದ್ದು ಕಾಣಿಸಿತು. ಕಾಲ್ ಕಟ್ಟಾಯಿತು. ಸಂಜೆಯೊಳಗೆ ಶಾಲೆಯಿಂದ ಒಂದು ಫೋಟೋ ಬಂತು, ಬೆಂಚುಗಳ ಮಧ್ಯೆ ಚಾಪೆ ಹಾಸಿ ಕೂತ ಒಂದಿಷ್ಟು ಜನ, ಮೂಲೆಯಲ್ಲಿ ನಾನಾಯ್. ಮುಖ ಊದಿಕೊಂಡಿತ್ತು, ಸಿಟ್ಟಿಗೆ.

ಮಾರಿಸೆಲ್ ಫೋಟೋ ತೋರಿಸಿ ಹೋದ ಮೇಲೆ ಊರ್ಮಿಳಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅದು ನೂರಕ್ಕ ನೂರು ಇಲ್ರಿ ಅಕ್ಕಾ. ಉತ್ತರಕ್ಕ ಹೊಳ್ಳಿದ್ರ? ಏನೂ ಆಗಲಿಲ್ಲಂದ್ರ ಮುಂದಿನ ಸಲ ಯಾರು ಹೇಳಿದ್ರೂ ಆಕಿ ಮನಿ ಬಿಡಂಗಿಲ್ಲ. ಇಂಥಾದ್ದನ್ನ ಎಷ್ಟ ಊರಾಗ ನೋಡೇವಿ."

"ಮುಂದಿನ ಸಲ ಬೈಯೋಕೆ ಜೀವಂತ ಇರ್ತಾರಲ್ಲ. ಏಳು, ಬಟ್ಟೆ ಮಡಿಸು."

ಎದ್ದು ಮಡಿಸಿದಳು. ಹಿತಾಳ ಕಾಲುಚೀಲಗಳನ್ನು ಜೋಡಿ ತಪ್ಪಿಸಿ.

ಆಮೇಲೆ ಸುದ್ದಿ ನಿಂತಿತು. ಅಲ್ಲಿ ಕರೆಂಟಿಲ್ಲ, ಟವರ್ ಇಲ್ಲ. ಭಾನುವಾರ ನಮ್ಮಲ್ಲೂ ಗಾಳಿ ಎದ್ದು ಹವಾಮಾನದವರು ಹಳದಿ ಎಚ್ಚರಿಕೆ ಕೊಟ್ಟರು. ನಮ್ಮ ಬೀದಿಯ ಕಸದ ಡಬ್ಬಿಗಳು ಉರುಳಿದವು, ಎರಡು ರೈಲು ರದ್ದಾದವು, ಅದನ್ನೇ ಎಲ್ಲರೂ ಇಡೀ ದಿನ ಮಾತಾಡಿದರು. ಮಾರಿಸೆಲ್ ಬಿದ್ದ ಡಬ್ಬಿ ಎತ್ತಿ ನಿಲ್ಲಿಸಿ, ಸೈಕಲ್ ಹತ್ತಿ, ಬೇರೆಯವರ ಅಪ್ಪ ಅಮ್ಮಂದಿರಿಗೆ ಸ್ನಾನ ಮಾಡಿಸಲು ಹೋದಳು. ಊರ್ಮಿಳಾ ಅಟ್ಟದಿಂದ ಇಳಿಯಲಿಲ್ಲ. ಟೈಫೂನಿನ ಕಣ್ಣು ದಕ್ಷಿಣಕ್ಕೇ ಹಾದುಹೋಯಿತು ಎಂದು ಮೆಟ್ಟಿಲ ಮೇಲಿಂದ ಒಮ್ಮೆ ಹೇಳಿದಳು. ಅದನ್ನು ಕೇಳಿ ಖುಷಿಪಡಬೇಕೋ ಹೆದರಬೇಕೋ ಗೊತ್ತಾಗದೆ ನಾನು ಬೇಳೆ ತೊಳೆಯುತ್ತ ನಿಂತೆ. "ಸರಿ ಹೇಳಿದ್ದಾಳಲ್ಲ ನಮ್ಮ ಹುಡುಗಿ" ಅಂದ ದಿವಾಕರ. ಸುಮ್ನಿರು ಅಂದೆ.

ಮಂಗಳವಾರ ಸಂಜೆ ಮಾರಿಸೆಲ್ ಬಾಗಿಲು ತಟ್ಟದೆಯೇ ಒಳಗೆ ಬಂದಳು, ಫೋನ್ ಸ್ಪೀಕರಿನಲ್ಲಿತ್ತು. ಯಾರದೋ ಫೋನ್ ಇಸಕೊಂಡು ನಾನಾಯ್ ಮಾತಾಡುತ್ತಿದ್ದರು. ಅರ್ಥವಾಗದಿದ್ದರೂ ಅದು ದೂರು ಎಂದು ಗೊತ್ತಾಗುತ್ತಿತ್ತು. ದೂರು ಹೇಳುವ ಮುದುಕಿಯರ ದನಿ ಎಲ್ಲ ಊರಲ್ಲೂ ಒಂದೇ. ಶಾಲೆಯ ಕಕ್ಕಸು ಸರಿಯಿಲ್ಲ. ಪಕ್ಕದ ಚಾಪೆಯವಳು ಗೊರಕೆ ಹೊಡೆಯುತ್ತಾಳೆ. ಅನ್ನ ಮುದ್ದೆಯಾಗಿದೆ. ಮಾರಿಸೆಲ್ ಅಳುತ್ತ, ನಗುತ್ತ, ಒಂದೊಂದನ್ನೂ ನಮಗೆ ಹೇಳಿದಳು. ಬೀದಿಯವರೆಲ್ಲ ಇದ್ದಾರಂತೆ, ಎಲ್ಲರೂ.

ಊರ್ಮಿಳಾ ಬಗ್ಗಿ ಕೇಳಿದ್ದು ಏನು ಗೊತ್ತಾ? "ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಗೋಡೆ ಮೇಲೆ ಗುರುತಿದೆಯಾ ಕೇಳು."

"ಕೇಳಬೇಡ" ಅಂತ ನಾನು ಹೇಳುವಷ್ಟರಲ್ಲಿ ಮಾರಿಸೆಲ್ ಕೇಳಿಬಿಟ್ಟಿದ್ದಳು. ಗೋಡೆಯೇ ಇಲ್ಲವಂತೆ. ಒಲೆಯ ಕಟ್ಟೆ ಉಳಿದಿದೆ, ಅದರ ಮೇಲೆ ಯಾರದೋ ದೋಣಿ ಕೂತಿದೆ.

ಆ ಕಡೆಯಿಂದ ನಾನಾಯ್ ಆ ಹುಡುಗಿಯನ್ನು ಕರಿ ಅಂದರು. ಮಾರಿಸೆಲ್ ಮುಜುಗರದಿಂದ ತಿರುಗಿಸಿದಳು.

"ಗಾಳಿ ಯಾವ ಕಡೆಯದು ಅಂತ ಗುರುವಾರವೇ ಹೇಳಿದ್ದರೆ ನನ್ನ ಹೊಲಿಗೆ ಮಷಿನ್ನನ್ನ ಗುಡ್ಡಕ್ಕೆ ಸಾಗಿಸ್ತಿದ್ದೆ ಅಂತಾರೆ. ನೀನು ಹೇಳಿದ್ದು ಶನಿವಾರ. ಅದನ್ನ ಕಂಕುಳಲ್ಲಿ ಹಿಡ್ಕೊಂಡು ಓಡೋಕಾಗುತ್ತಾ ಅಂತಾರೆ. ಬೇಜಾರು ಮಾಡ್ಕೋಬೇಡ ಊರ್ಮಿಳಾ, ಅಮ್ಮ ಸುಮ್ಮನೆ ಹಾಗೆ."

"ಸುಮ್ಮನೆ ಅಲ್ಲ" ಅಂದಳು ಊರ್ಮಿಳಾ. "ಅವರು ಹೇಳೋದು ಸರಿ ಇದೆ. ನನ್ನದೇ ತಪ್ಪು ಅಂತ ಹೇಳು." ಆಮೇಲೆ ಫೋನನ್ನು ತಾನೇ ತೆಗೆದುಕೊಂಡು ಕೇಳಿದಳು, ಯಾವ ಮಷಿನ್, ಕೈಯದಾ, ಕಾಲಲ್ಲಿ ತುಳಿಯುವುದಾ.

ಕಾಲಲ್ಲಿ ತುಳಿಯುವುದು. ಮದುವೆಗೆ ಬಂದದ್ದು. ಆ ಬೀದಿಯ ಮಕ್ಕಳ ಸ್ಕೂಲ್ ಬಟ್ಟೆಯೆಲ್ಲ ಅದರಲ್ಲೇ ಹೊಲಿದದ್ದು. ಗದಗದಲ್ಲಿ ತನ್ನ ತಾಯಿಯೂ ಬ್ಲೌಸು ಹೊಲಿಯುತ್ತಾಳೆ ಅಂತ ಊರ್ಮಿಳಾ ಹೇಳಿದಳು. ಆ ಕಡೆಯಿಂದ ಮುರುಕು ಇಂಗ್ಲಿಷಿನಲ್ಲಿ ಬೆಲ್ಟಿನ ಬಗ್ಗೆ, ಎಣ್ಣೆಯ ಬಗ್ಗೆ, ತುಕ್ಕಿನ ಬಗ್ಗೆ ಪ್ರಶ್ನೆ ಬಂತು. ಮಾರಿಸೆಲ್ ನನ್ನ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು, ಅವರ ಮಾತು ಮುಗಿದಿರಲಿಲ್ಲ.

ಸಾರು ಆರುತ್ತಿತ್ತು. ಊಟಕ್ಕೆ ಬಾರೇ ಅಂತ ಊರ್ಮಿಳಾಳನ್ನು ಎರಡು ಸಲ ಕರೆದೆ. ಮೂರನೇ ಸಲ ಕರೆದಾಗ ಅವಳು ತಿರುಗದೆಯೇ ನನ್ನ ಕಡೆ ಕೈ ಎತ್ತಿ, ಸ್ವಲ್ಪ ತಡೀರಿ ಎಂದು ಸನ್ನೆ ಮಾಡಿದಳು. ನನ್ನ ಮನೆ, ನನ್ನ ಸಾರು, ನನಗೇ ಸನ್ನೆ. ಮಾರಿಸೆಲ್‌ಗೊಂದು ತಟ್ಟೆ ಹಾಕಿದೆ, ಊರ್ಮಿಳಾಳದನ್ನು ಮುಚ್ಚಿಟ್ಟೆ.